ಇಸುಬಿನ ಮುಲಾಮು: ಚೀಟಿಯಲ್ಲಿ ಬರೆಯದೆ ಉಳಿದ ಮಾತು

ಶ್ರೀಮಠದ ಆವರಣದಲ್ಲಿ ತಿಂಗಳಿಗೊಮ್ಮೆ ನಡೆಯುವ ಉಚಿತ ಆರೋಗ್ಯ ತಪಾಸಣೆಗೆ ಕಳೆದ ವರ್ಷದ ಆಷಾಢದಲ್ಲಿ ವೃದ್ಧೆಯೊಬ್ಬರು ತಮ್ಮ ಏಳು ವರ್ಷದ ಮೊಮ್ಮಗಳನ್ನು ಕರೆತಂದರು. ಮಗುವಿನ ಎರಡೂ ಕೆನ್ನೆಗಳು ಕೆಂಪೇರಿದ್ದವು. ಹತ್ತಿರದಿಂದ ನೋಡಿದಾಗ ಚರ್ಮವು ಎಣ್ಣೆ ಹಚ್ಚಿದ ಕಾಗದದಂತೆ ತೆಳುವಾಗಿ, ಅದರಡಿಯಲ್ಲಿ ಸೂಕ್ಷ್ಮವಾದ ರಕ್ತನಾಳಗಳು ಎಳೆ ಎಳೆಯಾಗಿ ಕಾಣುತ್ತಿದ್ದವು. ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆಗಳೆದ್ದಿದ್ದವು. ಬಿಸಿಲಿಗೆ ಹೋದರೆ ಉರಿ, ಸಾಬೂನು ತಾಕಿದರೆ ಉರಿ ಎಂದು ಮಗು ತಾನೇ ಹೇಳಿತು. ಯಾವ ಔಷಧ ಹಚ್ಚಿದಿರಿ ಎಂದು ನಾನು ಕೇಳಿದೆ. ಅಜ್ಜಿ ಸೆರಗಿನ ಗಂಟಿನಿಂದ ಒಂದು ಚೀಟಿಯನ್ನು ತೆಗೆದರು. ಅದು ಹಾಳಾಗಬಾರದೆಂದು ಪ್ಲಾಸ್ಟಿಕ್ ಹಾಳೆಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದರು. ನಾಲ್ಕು ವರ್ಷದ ಹಿಂದಿನ ಆ ಚೀಟಿಯಲ್ಲಿದ್ದ ಬರಹ ನನ್ನದೇ.

"ನೀವ ಬರದ್ ಕೊಟ್ಟಿದ್ರಿ ಡಾಕ್ಟರ್ರ, ನಾವೇನ ಬ್ಯಾರೆ ಔಷಧಾ ಹಚ್ಚಿಲ್ರಿ" ಎಂದರು ಅಜ್ಜಿ.

"ಇದು ನಿಮ್ಮ ಸೊಸೀ ಕೈಗೆ ಬರದದ್ದಲ್ಲೇನವಾ?"

"ಹೌದ್ರಿ. ಆಕೀ ಕೈ ಎಷ್ಟ ಚಂದ ಆತು. ಅದಕ್ಕ ಕೂಸಿನ ಮಾರಿಗೂ ಹಚ್ಚಿದಿವಿ."

ನೆನಪು ಮರಳಿತು. ಪಾತ್ರೆ ತೊಳೆದು, ಬಟ್ಟೆ ಒಗೆದು ಅಂಗೈ ಬಿರಿದು ರಕ್ತ ಜಿನುಗುತ್ತಿದ್ದ ಸೊಸೆಗೆ ನಾನು ಕ್ಲೋಬೆಟಾಸಾಲ್ ಎಂಬ ಮುಲಾಮನ್ನು ಬರೆದಿದ್ದೆ. ಅದು ಅಂಗೈಯ ದಪ್ಪ ಚರ್ಮಕ್ಕೆ ತಕ್ಕ ಔಷಧವೇ ಆಗಿತ್ತು. ಆದರೆ ಚೀಟಿಯಲ್ಲಿದ್ದದ್ದು ಔಷಧದ ಹೆಸರು ಮತ್ತು "ಬೆಳಿಗ್ಗೆ–ಸಂಜೆ ಹಚ್ಚುವುದು" ಎಂಬಷ್ಟೇ ಮಾತು. ಯಾವ ಭಾಗಕ್ಕೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬ ಯಾವುದೂ ಅಲ್ಲಿರಲಿಲ್ಲ. ಬಾಯಲ್ಲಿ ಹೇಳಿದ್ದಿರಬಹುದು. ಬಾಯಲ್ಲಿ ಹೇಳಿದ ಮಾತನ್ನು ಲ್ಯಾಮಿನೇಷನ್ ಮಾಡಿಸಿಡಲು ಯಾರಿಗೂ ಸಾಧ್ಯವಿಲ್ಲ. ಔಷಧ ಅಂಗಡಿಯವನು ಅದೇ ಚೀಟಿಯನ್ನು ನೋಡಿ ಮತ್ತೆ ಮತ್ತೆ ಟ್ಯೂಬು ಕೊಟ್ಟ. ಮಗುವಿನ ಮುಖಕ್ಕೆ ಅದು ಎಂಟು ತಿಂಗಳ ಕಾಲ ಸಂದಿತು.

ಈ ಲೇಖನವನ್ನು ಬರೆಯಲು ಆ ಚೀಟಿಯೇ ಕಾರಣ. ಇಸುಬಿಗೆ ಹಚ್ಚುವ ಸ್ಟೀರಾಯ್ಡ್ ಮುಲಾಮುಗಳನ್ನು ಕುರಿತು ನಮ್ಮ ಸಮಾಜದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಬೇರೂರಿವೆ. ಅದು ಎಲ್ಲ ಚರ್ಮರೋಗಕ್ಕೂ ಒದಗುವ ಮನೆಮದ್ದು ಎಂಬುದು ಒಂದು. ಅದು ಮುಟ್ಟಲೇಬಾರದ ವಿಷ ಎಂಬುದು ಇನ್ನೊಂದು. ಎರಡರಿಂದಲೂ ಮಕ್ಕಳು ನರಳುವುದನ್ನು ನಾನು ಕಂಡಿದ್ದೇನೆ. ಈ ಎರಡೂ ತಪ್ಪುಗಳು ಬೆಳೆಯುವುದು ವೈದ್ಯರಾದ ನಾವು ಚೀಟಿಯಲ್ಲಿ ಬರೆಯದೆ ಬಿಟ್ಟ ಖಾಲಿ ಜಾಗದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ರೋಗದ ಮಾತು. ಇಸುಬು ಅಂಟುರೋಗವಲ್ಲ. ರಕ್ತ ಕೆಟ್ಟು ಬರುವುದೂ ಅಲ್ಲ, ಯಾರ ಕರ್ಮಫಲವೂ ಅಲ್ಲ. ನಮ್ಮ ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯಂತೆ ಜೀವಕೋಶಗಳಿಂದಲೂ ಅವುಗಳ ನಡುವಿನ ಜಿಡ್ಡಿನಿಂದಲೂ ಕಟ್ಟಲ್ಪಟ್ಟಿದೆ. ಆ ಗೋಡೆಯನ್ನು ಬಿಗಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ ಎಂಬುದನ್ನೂ, ಅಂಥವರಿಗೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂಬುದನ್ನೂ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಗೋಡೆ ಸಡಿಲವಾದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಹೊರಗಿನ ಸಾಬೂನು, ಧೂಳು, ರೋಗಾಣು ಒಳಗೆ ಬರುತ್ತವೆ. ಚರ್ಮವು ಅದಕ್ಕೆ ಪ್ರತಿಯಾಗಿ ಉರಿಯೂತದಿಂದ ಕೆರಳುತ್ತದೆ. ಕೆರಳಿದಲ್ಲಿ ತುರಿಕೆ ಹುಟ್ಟುತ್ತದೆ. ತುರಿಸಿದರೆ ಗೋಡೆ ಇನ್ನಷ್ಟು ಒಡೆಯುತ್ತದೆ. ಹಸುಗೂಸುಗಳಲ್ಲಿ ಇದು ಹೆಚ್ಚಾಗಿ ಕೆನ್ನೆಯ ಮೇಲೆ ತೊಡಗಿ, ಮಗು ಬೆಳೆದಂತೆ ಮೊಣಕೈ ಮತ್ತು ಮೊಣಕಾಲಿನ ಹಿಂಬದಿಯ ಮಡಿಕೆಗಳಿಗೆ ಸರಿಯುತ್ತದೆ. ರಾತ್ರಿಯೆಲ್ಲ ತುರಿಸಿಕೊಳ್ಳುವ ಮಗು ನಿದ್ರಿಸುವುದಿಲ್ಲ, ತಾಯಿಯೂ ನಿದ್ರಿಸುವುದಿಲ್ಲ. ಇದು ಪ್ರಾಣಾಂತಿಕವಲ್ಲದ ರೋಗವೆಂದು ಉದಾಸೀನ ಮಾಡುವವರು ಅಂಥ ಮನೆಯಲ್ಲಿ ಒಂದು ರಾತ್ರಿ ತಂಗಿ ನೋಡಬೇಕು.

ಈ ಕೆರಳಿಕೆಯನ್ನು ಶಮನಗೊಳಿಸುವ ದಾರಿ ದೊರೆತು ಇನ್ನೂ ನೂರು ವರ್ಷ ಕಳೆದಿಲ್ಲ. ಅದಕ್ಕೆ ಮೊದಲು ಕಲ್ಲಿದ್ದಲಿನಿಂದ ತೆಗೆದ ಡಾಂಬರಿನ ಲೇಪ, ಬಣ್ಣದ ದ್ರಾವಣಗಳು, ಒದ್ದೆ ಬಟ್ಟೆಯ ಕಟ್ಟು ಮುಂತಾದವೇ ಗತಿಯಾಗಿದ್ದವು. ಮೂತ್ರಪಿಂಡಗಳ ತಲೆಯ ಮೇಲೆ ಕುಳಿತಿರುವ ಅಡ್ರಿನಲ್ ಎಂಬ ಸಣ್ಣ ಗ್ರಂಥಿಗಳ ಹೊರಪದರದಲ್ಲಿ ಹುಟ್ಟುವ ಹಾರ್ಮೋನುಗಳನ್ನು ಕುರಿತ ಸಂಶೋಧನೆಗಾಗಿ ಕೆಂಡಾಲ್, ರೈಖ್‌ಸ್ಟೈನ್ ಮತ್ತು ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಎರಡೇ ವರ್ಷಗಳಲ್ಲಿ, ಎಂದರೆ 1952ರಲ್ಲಿ, ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಚರ್ಮವೈದ್ಯರು ಆ ವರ್ಗದ ಹೈಡ್ರೋಕಾರ್ಟಿಸೋನನ್ನು ಮುಲಾಮಿನ ರೂಪದಲ್ಲಿ ಇಸುಬಿನ ಮೇಲೆ ಹಚ್ಚಿ ಫಲ ಕಂಡರು. ಚರ್ಮವೈದ್ಯಶಾಸ್ತ್ರದ ಚರಿತ್ರೆಯನ್ನು ಆ ವರ್ಷದ ಹಿಂದಿನದು, ಮುಂದಿನದು ಎಂದು ಎರಡಾಗಿ ವಿಂಗಡಿಸಿದರೆ ತಪ್ಪಾಗಲಾರದು.

ಮುಂದಿನ ಎರಡು ದಶಕಗಳಲ್ಲಿ ಅದಕ್ಕಿಂತ ಬಲವಾದವು ಒಂದರ ಮೇಲೊಂದು ಬಂದವು: ಬೀಟಾಮೆಥಾಸೋನ್, ಬಳಿಕ ಎಲ್ಲಕ್ಕೂ ಪ್ರಬಲವಾದ ಕ್ಲೋಬೆಟಾಸಾಲ್. ಮೊಮೆಟಾಸೋನ್, ಫ್ಲೂಟಿಕಾಸೋನ್ ಹೈಡ್ರೋಕಾರ್ಟಿಸೋನಿಗೂ ಕ್ಲೋಬೆಟಾಸಾಲಿಗೂ ನಡುವಿನ ಮೆಟ್ಟಿಲುಗಳಲ್ಲಿ ನಿಲ್ಲುತ್ತವೆ. ಇಲ್ಲಿ ಜನಸಾಮಾನ್ಯರು ಮೋಸಹೋಗುವ ಒಂದು ಸಂಗತಿಯಿದೆ. ಹೈಡ್ರೋಕಾರ್ಟಿಸೋನ್ ಟ್ಯೂಬಿನ ಮೇಲೆ ಶೇ. 1 ಎಂದಿರುತ್ತದೆ; ಕ್ಲೋಬೆಟಾಸಾಲ್ ಮೇಲೆ ಶೇ. 0.05 ಎಂದಿರುತ್ತದೆ. ಅಂಕಿಯನ್ನು ನೋಡಿದವರು ಎರಡನೆಯದು ಸೌಮ್ಯವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಮೊದಲನೆಯದಕ್ಕಿಂತ ಹಲವು ನೂರು ಪಟ್ಟು ಬಲವುಳ್ಳದ್ದು. ಅಂಕಿಯು ಔಷಧದ ತೂಕವನ್ನು ಹೇಳುತ್ತದೆ, ಬಲವನ್ನು ಹೇಳುವುದಿಲ್ಲ. ಅತಿ ಪ್ರಬಲವಾದ ಈ ಮುಲಾಮನ್ನು ಸತತವಾಗಿ ಎರಡು ವಾರಕ್ಕಿಂತ ಹೆಚ್ಚು ಬಳಸಬಾರದೆಂದೂ, ವಾರಕ್ಕೆ 50 ಗ್ರಾಮು ಮೀರಬಾರದೆಂದೂ, 12 ವರ್ಷದೊಳಗಿನ ಮಕ್ಕಳಿಗೆ ಶಿಫಾರಸು ಇಲ್ಲವೆಂದೂ ಔಷಧದ ಮಾಹಿತಿಪತ್ರವೇ ಹೇಳುತ್ತದೆ. ಪೊಟ್ಟಣದೊಳಗೆ ಮಡಚಿಟ್ಟ ಆ ಕಾಗದದ ಅಕ್ಷರಗಳನ್ನು ಓದಲು ಭೂತಗನ್ನಡಿಯನ್ನೂ ಪೊಟ್ಟಣದಲ್ಲೇ ಇಟ್ಟು ಕೊಡಬೇಕಾಗಿತ್ತು.

ಹಚ್ಚುವ ಸ್ಥಳವೂ ಬಲದಷ್ಟೇ ಮುಖ್ಯ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಹೈಡ್ರೋಕಾರ್ಟಿಸೋನನ್ನು ಶರೀರದ ಬೇರೆ ಬೇರೆ ಭಾಗಗಳಿಗೆ ಹಚ್ಚಿ, ಎಷ್ಟು ಒಳಸೇರುತ್ತದೆಂದು ಅಳೆದರು. ಮುಂಗೈಯ ಚರ್ಮವು ಒಂದು ಪಾಲು ಹೀರಿದರೆ ಹಣೆಯು ಆರು ಪಾಲನ್ನು, ದವಡೆಯ ಭಾಗವು 13 ಪಾಲನ್ನು, ಪುರುಷರ ವೃಷಣಚೀಲದ ಚರ್ಮವು 42 ಪಾಲನ್ನು ಹೀರಿತು. ಅಂಗಾಲು ಹೀರಿದ್ದು ಒಂದು ಪಾಲಿನ ಏಳನೆಯ ಒಂದಂಶ ಮಾತ್ರ. ಆದ್ದರಿಂದ ಸೊಸೆಯ ಅಂಗೈಗೆ ಹಿತವಾದ ಮುಲಾಮು ಮೊಮ್ಮಗಳ ಕೆನ್ನೆಗೆ ಮಾರಕವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಸರೊಂದೇ ಆದರೂ ಅಂಗೈಯೊಳಗೆ ಸೇರಿದ್ದು ಒಂದು ಪ್ರಮಾಣ, ಕೆನ್ನೆಯೊಳಗೆ ಸೇರಿದ್ದು ಅದರ ಹಲವು ಪಟ್ಟು.

ಇಂಥ ಮುಲಾಮನ್ನು ಮಿತಿಮೀರಿ ಹಚ್ಚಿದಾಗ ಚರ್ಮ ತೆಳುವಾಗುತ್ತದೆ. ತೊಡೆಸಂದಿ, ಕಂಕುಳುಗಳಲ್ಲಿ ಬಸುರಿಯ ಹೊಟ್ಟೆಯ ಮೇಲಿರುವಂತಹ ಗೆರೆಗಳು ಬೀಳುತ್ತವೆ. ಆ ಗೆರೆಗಳು ಪೂರ್ತಿಯಾಗಿ ಮಾಸುವುದಿಲ್ಲ. ಮುಖದಲ್ಲಿ ಮೊಡವೆ, ಅನಗತ್ಯ ಕೂದಲು, ಕೆಂಪು. ಕಣ್ಣಿನ ರೆಪ್ಪೆಗೆ ಬಹುಕಾಲ ಹಚ್ಚಿದವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಗೇ ಕುಂದು ಬರುವುದುಂಟು. ಹಚ್ಚುವುದನ್ನು ಒಮ್ಮೆಲೇ ನಿಲ್ಲಿಸಿದರೆ ಮುಖವು ಮೊದಲಿಗಿಂತ ಹೆಚ್ಚು ಕೆರಳುತ್ತದೆ. ಕೆರಳಿತೆಂದು ಮತ್ತೆ ಹಚ್ಚುತ್ತಾರೆ, ಹಚ್ಚಿದರೆ ಮತ್ತೆ ಶಮನವಾಗುತ್ತದೆ, ಔಷಧ ಒಳ್ಳೆಯದೆಂಬ ನಂಬಿಕೆ ಇನ್ನೂ ಬಲಿಯುತ್ತದೆ. ಬಿಳುಪು ಬರಲೆಂದು ಇದೇ ಜಾತಿಯ ಮುಲಾಮುಗಳನ್ನು ತಿಂಗಳಾನುಗಟ್ಟಲೆ ಮುಖಕ್ಕೆ ಬಳಿದುಕೊಂಡ ಯುವತಿಯರ ಸಂಖ್ಯೆ ನಮ್ಮ ದೇಶದಲ್ಲಿ ಎಷ್ಟು ಬೆಳೆಯಿತೆಂದರೆ, ಆ ಹಾನಿಗೊಂಡ ಮುಖದ ಸ್ಥಿತಿಗೆ ಭಾರತದ ಚರ್ಮವೈದ್ಯರೇ ಪ್ರತ್ಯೇಕವಾದ ಹೆಸರನ್ನಿಡಬೇಕಾಯಿತು.

ಇನ್ನೊಂದು ಅನಾಹುತ ಹುಳುಕಡ್ಡಿಯದು. ಹುಳುಕಡ್ಡಿ ಶಿಲೀಂಧ್ರದಿಂದ ಬರುವ ಅಂಟುರೋಗ. ಇಸುಬಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಎರಡೂ ತುರಿಸುತ್ತವೆ, ಎರಡೂ ಕೆಂಪಾಗುತ್ತವೆ. ಸ್ಟೀರಾಯ್ಡ್ ಹಚ್ಚಿದರೆ ಹುಳುಕಡ್ಡಿಯ ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ. ಶಿಲೀಂಧ್ರವು ಮಾತ್ರ ತಡೆಯುವವರಿಲ್ಲದೆ ಹರಡುತ್ತದೆ, ತನ್ನ ಗುರುತಿನ ಉಂಗುರದ ಆಕಾರವನ್ನೂ ಕಳೆದುಕೊಂಡು ವೈದ್ಯರಿಗೇ ಗುರುತು ಹತ್ತದಂತಾಗುತ್ತದೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ರೋಗಾಣುನಾಶಕ ಮೂರನ್ನೂ ಬೆರೆಸಿದ ಟ್ಯೂಬುಗಳು ನಮ್ಮ ಹಳ್ಳಿಯ ಅಂಗಡಿಗಳಲ್ಲೂ ಸಿಗುತ್ತವೆ. ಏನಾದರೂ ಒಂದಕ್ಕೆ ಹತ್ತೀತು ಎಂಬ ಲೆಕ್ಕಾಚಾರದಿಂದ ಮಾಡಿದ ಆ ಮಿಶ್ರಣವನ್ನು ನಾನು ಔಷಧವೆಂದು ಕರೆಯಲು ಹಿಂಜರಿಯುತ್ತೇನೆ. ಇಂದು ಮನೆಮಂದಿಗೆಲ್ಲ ಹರಡಿ, ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಜಗ್ಗದ ಹುಳುಕಡ್ಡಿ ದೇಶದಾದ್ಯಂತ ಕಾಣುತ್ತಿರುವುದಕ್ಕೆ ಈ ಟ್ಯೂಬುಗಳ ಪಾಲು ದೊಡ್ಡದೆಂದು ಚರ್ಮವೈದ್ಯರ ಸಮುದಾಯವು ಬಹುಕಾಲದಿಂದ ಎಚ್ಚರಿಸುತ್ತ ಬಂದಿದೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಯ ಕಟ್ಟಿಗೆ ತಂದಿತು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಆ ಪಟ್ಟಿಯ ಔಷಧಗಳ ಮೇಲೆ ಕೆಂಪು ಗೆರೆಯೊಂದಿರುತ್ತದೆ. ಓದಲು ಬಾರದವರೂ ಅದನ್ನು ಗುರುತಿಸಬಹುದು. ಕಾನೂನು ಸರಿಯಾದದ್ದೇ. ಆದರೆ ನಾನು ಮೇಲೆ ಹೇಳಿದ ಪ್ರಕರಣದಲ್ಲಿ ಕಾನೂನಿನ ಉಲ್ಲಂಘನೆ ಎಲ್ಲಾಯಿತು? ಅಜ್ಜಿಯ ಕೈಯಲ್ಲಿ ಚೀಟಿಯಿತ್ತು. ನೋಂದಾಯಿತ ವೈದ್ಯನ ಸಹಿಯೂ ಇತ್ತು. ಅಂಗಡಿಯವನು ಚೀಟಿ ನೋಡಿಯೇ ಕೊಟ್ಟಿದ್ದ. ಚೀಟಿಯೇ ಅಪೂರ್ಣವಾಗಿದ್ದಾಗ ಚೀಟಿಯನ್ನು ಕಡ್ಡಾಯಗೊಳಿಸಿ ಫಲವೇನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇಷ್ಟನ್ನು ಓದಿದ ಭಕ್ತರು, "ಹಾಗಾದರೆ ಈ ಮುಲಾಮಿನ ಸಹವಾಸವೇ ಬೇಡ" ಎಂಬ ತೀರ್ಮಾನಕ್ಕೆ ಬಂದುಬಿಡಬಹುದೆಂಬ ಭಯ ನನಗಿದೆ. ದಯಮಾಡಿ ಹಾಗೆ ಮಾಡಬಾರದು. ಆ ಭಯದ ಫಲವನ್ನೂ ನಾನು ಕಂಡಿದ್ದೇನೆ. ವಿದ್ಯಾವಂತ ತಂದೆತಾಯಿಯರೊಬ್ಬರು ಒಂದೂವರೆ ವರ್ಷದ ಮಗುವನ್ನು ತಂದಿದ್ದರು. ಮಗುವಿನ ಮೊಣಕಾಲಿನ ಹಿಂದೆ ಚರ್ಮ ದಪ್ಪಗಟ್ಟಿ, ಬಿರುಕುಗಳಲ್ಲಿ ಕೀವು ತುಂಬಿತ್ತು. ಬೇರೊಬ್ಬ ವೈದ್ಯರು ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಮುಲಾಮನ್ನು ಬರೆದು ಆರು ತಿಂಗಳಾಗಿತ್ತು. ಟ್ಯೂಬು ಬಹುಪಾಲು ತುಂಬಿಯೇ ಇತ್ತು. ತಾಯಿ ಅದನ್ನು ಕುಂಕುಮದ ಬೊಟ್ಟಿನಷ್ಟು ತೆಗೆದು, ಮೂರು ದಿನ ಹಚ್ಚಿ, ನೆರೆಯವರ ಮಾತು ಕೇಳಿ ನಿಲ್ಲಿಸಿದ್ದರು. ಬಳಿಕ ಬೆಳ್ಳುಳ್ಳಿ ಅರೆದು ಹಚ್ಚಿದ್ದರು. ಅದು ಚರ್ಮವನ್ನು ಸುಟ್ಟಿತ್ತು. "ಸ್ಟೀರಾಯ್ಡ್ ಅಂತ ಬರೆದಿದೆಯಲ್ಲ ಸಾರ್, ಹೇಗೆ ಹಚ್ಚೋದು?" ಎಂದು ತಂದೆ ಕೇಳಿದರು. ಅವರ ಪ್ರಶ್ನೆಯಲ್ಲಿ ಅಕ್ಕರೆಯಿತ್ತು, ಆತಂಕವಿತ್ತು. ತಪ್ಪಿತ್ತೆಂದು ನಾನು ಹೇಳಲಾರೆ, ಏಕೆಂದರೆ ಅವರಿಗೂ ಯಾರೂ ಏನನ್ನೂ ವಿವರಿಸಿರಲಿಲ್ಲ. ಸೌಮ್ಯವಾದ ಮುಲಾಮನ್ನು ಸಾಕಷ್ಟು ಪ್ರಮಾಣದಲ್ಲಿ, ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸಿದರೆ ಚರ್ಮ ತೆಳುವಾಗುವುದಿಲ್ಲ. ಬದಲಾಗಿ, ಹಚ್ಚದೆ ಬಿಟ್ಟ ಇಸುಬು ಚರ್ಮವನ್ನು ಒರಟಾಗಿಸಿ, ರೋಗಾಣುಗಳಿಗೆ ಬಾಗಿಲು ತೆರೆದು, ಕೊನೆಗೆ ಇನ್ನೂ ಬಲವಾದ ಔಷಧವನ್ನೇ ಬೇಡುತ್ತದೆ.

"ಸಾಕಷ್ಟು" ಎಂದರೆ ಎಷ್ಟು? ಇದಕ್ಕೊಂದು ಸುಲಭವಾದ ಅಳತೆಯಿದೆ. ಲಾಂಗ್ ಮತ್ತು ಫಿನ್ಲೇ ಎಂಬ ವೈದ್ಯರು 1991ರಲ್ಲಿ ಇದನ್ನು ವಿವರಿಸಿದರು. ಸಾಮಾನ್ಯ ಟ್ಯೂಬಿನಿಂದ ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮನ್ನು ಉದ್ದಕ್ಕೆ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಮು. ಇದು ದೊಡ್ಡವರ ಎರಡು ಅಂಗೈಗಳಷ್ಟು, ಬೆರಳುಗಳೂ ಸೇರಿ, ವಿಸ್ತಾರದ ಚರ್ಮಕ್ಕೆ ಸಾಲುತ್ತದೆ. ದೊಡ್ಡವರ ಒಂದು ತೋಳಿಗೆ ಇಂಥ ಮೂರು ಅಳತೆ, ಒಂದು ಕಾಲಿಗೆ ಆರು. ಎರಡೂ ತೋಳುಗಳಿಗೆ ದಿನಕ್ಕೆರಡು ಬಾರಿ ಹಚ್ಚಬೇಕಾದವರಿಗೆ ದಿನಕ್ಕೆ ಆರು ಗ್ರಾಮು ಬೇಕು. 15 ಗ್ರಾಮಿನ ಟ್ಯೂಬು ಎರಡೂವರೆ ದಿನಕ್ಕೆ ಮುಗಿಯುತ್ತದೆ. ಅಂಥವರಿಗೆ ಒಂದು ತಿಂಗಳಿಗೆಂದು ಒಂದೇ ಟ್ಯೂಬು ಬರೆದುಕೊಡುವ ವೈದ್ಯರೂ ಇದ್ದಾರೆ, ಆ ಒಂದೇ ಟ್ಯೂಬನ್ನು ಮಗುವಿನ ಮುಖಕ್ಕೆ ಒಂದು ವಾರದಲ್ಲಿ ಮುಗಿಸುವ ಮನೆಗಳೂ ಇವೆ. ಅಳತೆಯನ್ನು ಒಮ್ಮೆ ಕೈಮೇಲೆ ಹಿಂಡಿ ತೋರಿಸಲು ಅರ್ಧ ನಿಮಿಷ ಸಾಕು.

ನಮ್ಮ ಭಾಗದ ರೈತರ ಒಂದು ಸಂಕಟವನ್ನು ಇಲ್ಲಿ ಹೇಳದೆ ಇರಲಾರೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಕಸ, ಇಂದು ನಮ್ಮ ಹೊಲದ ಬದುಗಳಲ್ಲಿ, ರಸ್ತೆಯ ಅಂಚುಗಳಲ್ಲಿ, ಖಾಲಿ ನಿವೇಶನಗಳಲ್ಲಿ ಇಲ್ಲದ ಕಡೆಯಿಲ್ಲ. ಅದರ ಒಣ ಎಲೆ, ಹೂವು, ರೋಮಗಳ ಪುಡಿ ಗಾಳಿಯಲ್ಲಿ ತೇಲಿ ಬಂದು ಮುಖ, ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕುಳಿತು, ಒಗ್ಗದವರಲ್ಲಿ ಇಸುಬನ್ನು ಎಬ್ಬಿಸುತ್ತದೆ. ಕತ್ತಿನ ಚರ್ಮ ಆನೆಯ ಚರ್ಮದಂತೆ ದಪ್ಪಗಟ್ಟಿದ ರೈತರನ್ನು ನಾನು ಪ್ರತಿ ಮಳೆಗಾಲದಲ್ಲಿ ನೋಡುತ್ತೇನೆ. ಅವರಲ್ಲಿ ಬಹುಮಂದಿ ಅಂಗಡಿಯ ಟ್ಯೂಬಿನಿಂದಲೇ ವರ್ಷಗಳನ್ನು ತಳ್ಳಿದವರು. ಮುಲಾಮು ಎರಡು ದಿನ ಹಿತ ಕೊಡುತ್ತದೆ; ಮೂರನೆಯ ದಿನ ಅದೇ ಬದುವಿನಲ್ಲಿ ಅದೇ ಕಸ ಕೀಳಲು ಹೋಗುತ್ತಾರೆ. ಕಾರಣವನ್ನು ಹಾಗೇ ಬಿಟ್ಟು ಚರ್ಮವನ್ನಷ್ಟೇ ಶಮನಗೊಳಿಸುವುದು ಸೋರುವ ಮಾಳಿಗೆಯ ಕೆಳಗೆ ಕುಳಿತು ನೆಲ ಒರೆಸಿದ ಹಾಗೆ. ಅಂಥವರು ಕಸ ಕೀಳುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಬಿಡಲಾಗದಿದ್ದರೆ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ವಸ್ತ್ರ ಸುತ್ತಿ, ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಗಾರೆ ಕೆಲಸದವರಿಗೆ ಸಿಮೆಂಟಿನಿಂದ, ಹೆಣ್ಣುಮಕ್ಕಳಿಗೆ ನಿಕ್ಕಲ್ ಬೆರೆತ ಅಗ್ಗದ ಓಲೆ-ಸರಗಳಿಂದ ಬರುವ ಇಸುಬಿಗೂ ಇದೇ ಮಾತು ಅನ್ವಯಿಸುತ್ತದೆ.

ಸ್ಟೀರಾಯ್ಡ್ ಅಲ್ಲದ ಮುಲಾಮು ಇಲ್ಲವೇ ಎಂದು ಹಲವರು ಕೇಳುತ್ತಾರೆ. ಇದೆ. ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1984ರಲ್ಲಿ ಕಂಡುಹಿಡಿದ ಟ್ಯಾಕ್ರೋಲಿಮಸ್ ಮೊದಲು ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ನುಂಗುವ ಔಷಧವಾಗಿತ್ತು. 2000ದ ಕೊನೆಯಲ್ಲಿ ಅಮೆರಿಕದಲ್ಲಿ ಇಸುಬಿನ ಮುಲಾಮಾಗಿ ಅನುಮತಿ ಪಡೆಯಿತು. ಇದು ಚರ್ಮವನ್ನು ತೆಳುವಾಗಿಸುವುದಿಲ್ಲ. ಆದ್ದರಿಂದ ಮುಖ, ರೆಪ್ಪೆ, ಕತ್ತು, ಮಡಿಕೆಗಳಿಗೆ ಸೂಕ್ತ. ಎರಡು ವರ್ಷ ತುಂಬಿದ ಮಕ್ಕಳಿಗೆ ಶೇ. 0.03, ದೊಡ್ಡವರಿಗೆ ಶೇ. 0.1. ಮೊದಲ ಕೆಲವು ದಿನ ಮೆಣಸಿನಕಾಯಿ ತಾಗಿದಂತೆ ಉರಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಯಾವ ತಾಯಿಯೂ ಎರಡನೆಯ ಬಾರಿ ಹಚ್ಚುವುದಿಲ್ಲ. ಇದರ ಪೊಟ್ಟಣದ ಮೇಲೆ ಕ್ಯಾನ್ಸರಿನ ಎಚ್ಚರಿಕೆ ಇರಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ವಿಧಿಸಿತು. ಅದನ್ನು ಓದಿ ಗಾಬರಿಯಾಗುವವರಿದ್ದಾರೆ. ಆ ಬಳಿಕ ಇದನ್ನು ಬಳಸಿದ ಮಕ್ಕಳನ್ನು ಹಲವು ವರ್ಷ ಗಮನಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಿದ ಸೂಚನೆ ಕಂಡುಬಂದಿಲ್ಲ. ಹಾಗಿದ್ದರೂ ಇದು ಕೂಡ ವೈದ್ಯರ ಚೀಟಿಯ ಮೇಲೆಯೇ ಕೊಳ್ಳಬೇಕಾದ ಔಷಧ, ಬೆಲೆಯೂ ಹೆಚ್ಚು, ಎಲ್ಲ ಇಸುಬಿಗೂ ಇದೇ ಸಾಕಾಗುವುದಿಲ್ಲ. ಹೆಸರು, ಘಟಕಗಳ ವಿವರ ಏನೂ ಇಲ್ಲದ ಡಬ್ಬಿಯಲ್ಲಿ "ಗಿಡಮೂಲಿಕೆಯದು" ಎಂದು ಮಾರುವ ಲೇಪವು ಎರಡೇ ದಿನದಲ್ಲಿ ಅದ್ಭುತ ಗುಣ ತೋರಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದೆಂದು ಸಂಶಯ ಪಡುವುದು ವಿವೇಕ.

ಯಾವ ಮುಲಾಮಿಗೂ ಮೊದಲಿನದು ತೇವದ ರಕ್ಷಣೆ. ಉಗುರುಬೆಚ್ಚಗಿನ ನೀರಿನಲ್ಲಿ ಚುಟುಕಾಗಿ ಸ್ನಾನ, ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನಿನಂತಹ ಜಿಡ್ಡನ್ನೋ ಧಾರಾಳವಾಗಿ ಹಚ್ಚುವುದು. ಇಸುಬು ಶಮನವಾದ ಮೇಲೂ ಇದನ್ನು ಬಿಡಬಾರದು. ಹಣೆಯ ಮೇಲೆ ಇಸುಬಿರುವ ಮಗುವಿಗೆ ವಿಭೂತಿ ಹಚ್ಚಬಹುದೇ ಎಂದು ಭಕ್ತರು ಸಂಕೋಚದಿಂದ ಕೇಳುವುದುಂಟು. ಒಣ ಪುಡಿ ಯಾವುದೇ ಇರಲಿ, ಒಡೆದ ಚರ್ಮದ ತೇವವನ್ನು ಹೀರುತ್ತದೆ. ಆದ್ದರಿಂದ ಗಾಯ ಮಾಯುವವರೆಗೆ ಆ ಜಾಗವನ್ನು ಬಿಟ್ಟು ಬೇರೆಡೆ ಧರಿಸಿದರಾಯಿತು.

ಈಗ ಚೀಟಿಯ ಮಾತಿಗೆ ಮರಳುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. "ಒಂದು ಬೆಳಿಗ್ಗೆ ನೂರು ಜನರನ್ನು ನೋಡುವವರು ಕತೆ ಬರೆಯುತ್ತ ಕೂರಲು ಆದೀತೇ?" ಎನ್ನುತ್ತಾರೆ. ಅವರ ಕಷ್ಟ ನನ್ನದೂ ಹೌದು. ಚರ್ಮರೋಗ ತಜ್ಞರು ಹೆಚ್ಚಾಗಿ ನಗರಗಳಲ್ಲಿದ್ದಾರೆ. ಹಳ್ಳಿಯ ಹೆಣ್ಣುಮಗಳೊಬ್ಬಳು ವೈದ್ಯರನ್ನು ಕಾಣಲು ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿಯನ್ನು ಕಳೆದುಕೊಂಡು ಬರಬೇಕು. ಅಂಥವಳು ಹಳೆಯ ಚೀಟಿಯನ್ನು ಜತನದಿಂದ ಇಟ್ಟುಕೊಳ್ಳುವುದು ಜಾಣತನವೇ ಹೊರತು ಅಜ್ಞಾನವಲ್ಲ. ಔಷಧ ಅಂಗಡಿಯವನನ್ನೇ ಎಲ್ಲಕ್ಕೂ ದೂರುವುದರಲ್ಲೂ ನನಗೆ ನ್ಯಾಯ ಕಾಣುವುದಿಲ್ಲ. ಎಷ್ಟೋ ಊರುಗಳಲ್ಲಿ ರಾತ್ರಿ ಎಂಟಕ್ಕೆ ಬಾಗಿಲು ತೆರೆದಿರುವ ವೈದ್ಯಶಾಲೆ ಎಂದರೆ ಅವನ ಅಂಗಡಿಯೊಂದೇ. ಆದರೆ ಜನರು ಚೀಟಿಯನ್ನು ಮರಳಿ ಮರಳಿ ಬಳಸುತ್ತಾರೆ ಎಂಬುದು ಗೊತ್ತಿರುವಾಗ, ಆ ಬಳಕೆಗೆ ತಕ್ಕಂತೆ ಬರೆಯುವುದು ಬರೆಯುವವನ ಹೊಣೆ. ಯಾರಿಗೆ, ಯಾವ ಭಾಗಕ್ಕೆ, ಎಷ್ಟು ಬೆರಳಳತೆ, ಯಾವ ತಾರೀಖಿನವರೆಗೆ ಎಂಬುದನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. "ಮುಖಕ್ಕೆ ಬೇಡ" ಎಂಬ ಎರಡು ಶಬ್ದಗಳನ್ನು ನಾನು ನಾಲ್ಕು ವರ್ಷದ ಹಿಂದೆ ಬರೆದಿದ್ದರೆ ಆ ಮಗುವಿನ ಕೆನ್ನೆ ಉಳಿಯುತ್ತಿತ್ತು. ಅದಕ್ಕೆ ತಗಲುತ್ತಿದ್ದದ್ದು ಎಷ್ಟು ಹೊತ್ತು?

ಓದುಗ ಬಂಧುಗಳಲ್ಲಿಯೂ ಒಂದು ಅರಿಕೆ. ವೈದ್ಯರು ಹಚ್ಚುವ ಔಷಧ ಬರೆದಾಗ ಈ ನಾಲ್ಕನ್ನು ಕೇಳದೆ ಕುರ್ಚಿ ಬಿಟ್ಟು ಏಳಬೇಡಿರಿ. ಕೇಳಿದರೆ ವೈದ್ಯರಿಗೆ ಅಗೌರವವಾದೀತೆಂಬ ಅಂಜಿಕೆ ಬೇಡ. ಸಿಡುಕುವವರು ಇದ್ದಾರು; ಸಿಡುಕಿಯಾದರೂ ಬರೆದುಕೊಡುತ್ತಾರೆ. ಈಗಾಗಲೇ ಮುಖಕ್ಕೆ ಬಹುಕಾಲ ಹಚ್ಚುತ್ತಿರುವವರು ಈ ಲೇಖನ ಓದಿ ನಾಳೆಯೇ ತಟ್ಟನೆ ನಿಲ್ಲಿಸದೆ, ಟ್ಯೂಬನ್ನೂ ಚೀಟಿಯನ್ನೂ ಹಿಡಿದುಕೊಂಡು ಮೊದಲು ವೈದ್ಯರನ್ನು ಕಾಣಬೇಕು.

ಆ ಮಗುವಿಗೆ ಸೌಮ್ಯ ಮುಲಾಮಿಗೆ ಇಳಿಸಿ, ಬಳಿಕ ಅದನ್ನೂ ಬಿಡಿಸಿ, ಟ್ಯಾಕ್ರೋಲಿಮಸ್ ತೊಡಗಿಸಿದೆವು. ಮೊದಲ ಮೂರು ವಾರ ಕೆನ್ನೆ ಇನ್ನೂ ಕೆಂಪಾಗಿ, ಊದಿ, ಅಜ್ಜಿ ಎರಡು ಬಾರಿ ಬಂದು ನನ್ನನ್ನು ಬೈದು ಹೋದರು. ಬೈಯುವ ಅಧಿಕಾರ ಅವರಿಗಿತ್ತು. ದೀಪಾವಳಿಯ ಹೊತ್ತಿಗೆ ಉರಿ ನಿಂತಿತು, ಗುಳ್ಳೆಗಳು ಅಡಗಿದವು. ತೆಳುವಾದ ರಕ್ತನಾಳಗಳ ಎಳೆಗಳು ಬಲಗೆನ್ನೆಯ ಮೇಲೆ ಈಗಲೂ ಇವೆ. ಬಿಸಿಲಲ್ಲಿ ಆಡಿ ಬಂದಾಗ ಎದ್ದು ಕಾಣುತ್ತವೆ.

ಹಳೆಯ ಚೀಟಿಯನ್ನು ನನಗೆ ಕೊಟ್ಟುಬಿಡಿರೆಂದು ಅಜ್ಜಿಯನ್ನು ಕೇಳಿದೆ. ಕೊಡಲು ಒಪ್ಪಲಿಲ್ಲ. ಸೊಸೆಯ ಕೈ ಚಳಿಗಾಲದಲ್ಲಿ ಮತ್ತೆ ಬಿರಿಯುತ್ತದೆ, ಆಗ ಇದೇ ಬೇಕು ಎಂದರು. ಕೊನೆಗೆ ಪ್ಲಾಸ್ಟಿಕ್ಕನ್ನು ಕತ್ತರಿಯಿಂದ ಬಿಡಿಸಿ, ಸೊಸೆಯ ಹೆಸರು, "ಅಂಗೈಗೆ ಮಾತ್ರ, ರಾತ್ರಿ ಒಂದು ಬೆರಳಳತೆ, ಹತ್ತು ದಿನ, ಈ ವರ್ಷದ ಮಾಘ ಕಳೆದ ಮೇಲೆ ನಡೆಯದು" ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ತಾರೀಖು ನಮೂದಿಸಿ ಮರಳಿ ಕೊಟ್ಟೆ. ಅಜ್ಜಿ ಅದನ್ನು ಮೊಮ್ಮಗಳ ಕೈಯಲ್ಲಿ ಕೊಟ್ಟು ಗಟ್ಟಿಯಾಗಿ ಓದಿಸಿದರು. ಮಗು ಎಲ್ಲಿಯೂ ತಡವರಿಸಲಿಲ್ಲ.